ಕಣ್ಣಿನ ಸುದ್ದಿ

ಗೋಕಾಕದ ಆಸ್ಪತ್ರೆಯಲ್ಲಿ ಆ ದಿನ ಪವಾಡವೇನೂ ಆಗಲಿಲ್ಲ. ನನ್ನ ಮೊಮ್ಮಗಳು ಸುಜಾತಾ ತನ್ನ ದೊಡ್ಡ ಡಾಕ್ಟರ ಎದುರಿಗೆ ಖರೆ ಮಾತಾಡಿದಳು, ಅಷ್ಟೆ.

ನನ್ನ ಕಣ್ಣಿನ ಪೊರೆ ತೆಗೆದವರು ಅವರೇ. ಆಪರೇಶನ್ ಆದವರಿಗೆ ಆಮೇಲೆ ಹೇಗಿದೆ ಎಂದು ಕೇಳಿ ಬರೆದುಕೊಳ್ಳುವುದು ಡಾಕ್ಟರಕಿ ಕಲಿಯುತ್ತಿದ್ದ ಸುಜಾತಾಳ ಕೆಲಸ. ದೊಡ್ಡ ಡಾಕ್ಟರು ಪಕ್ಕದಲ್ಲೇ ಇದ್ದರು; ನಾನು "ಭಾಳ ಚಲೋ ಕಾಣತೈತ್ರಿ" ಅಂದೆ. ನಮ್ಮ ನಾಗನೂರಿನಲ್ಲಿ ಉಪಕಾರ ಮಾಡಿದವರ ಮುಖದ ಮುಂದೆ ಯಾರೂ ನೋವು ಬ್ಯಾನಿ ಹೇಳುವುದಿಲ್ಲ.

ಸುಜಾತಾ ನನ್ನ ಇನ್ನೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೊಂದು ಕೈಯ ಬೆರಳು ಎತ್ತಿ ಹಿಡಿದು, "ಆಯೀ, ಬಟ್ಟ ಎಷ್ಟ ಅದಾವ ಹೇಳು" ಅಂದಳು. ಬೆರಳು ಬೇರೆ ಬೇರೆಯಾಗಿ ಕಾಣಲಿಲ್ಲ; "ಕೈ ಕಾಣತೈತಿ ಬಿಡು" ಅಂದೆ.

"ಚಲೋ ಐತಿ ಅಂದಾರಲ್ಲವಾ, ಹಂಗ ಬರಿ," ಅಂದರು ದೊಡ್ಡ ಡಾಕ್ಟರು. ಅವಳನ್ನು ಪಾಸು ಮಾಡುವವರೂ ಅವರೇ.

"ಸರ್, ಅದು ಆಯಿ ನಿಮಗ ಕೊಟ್ಟ ಮರ್ಯಾದಿ. ನನಗ ಬರಿಯಾಕ ಬೇಕಾದ್ದು ಕಣ್ಣಿನ ಸುದ್ದಿರಿ."

ಇವಳ ಕಲಿಕೆ ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ದೊಡ್ಡ ಡಾಕ್ಟರು ಬ್ಯಾಟರಿ ಹಿಡಿದು ನನ್ನ ಕಣ್ಣನ್ನು ತಾವೇ ಪರೀಕ್ಷೆ ಮಾಡಿದರು.

"ಮಂಜು ಕಟ್ಟೈತಿ. ಮತ್ತ ಉಪಚಾರ ಮಾಡಬೇಕು. ಇದ್ದದ್ದನ್ನ ಬರಿಯವಾ," ಅಂದರು.

ಅಕ್ಷರ ಕಲಿಯದ, ಸಾಲಿ ಕಟ್ಟಿ ಹತ್ತದ ನಾನು ಇಂಥಾಕಿಗೆ ರೊಟ್ಟಿ ಬಡಿದು ಹಾಕಿ ಬೆಳೆಸಿದೆ ಎಂದು ನನಗೆ ಹೆಮ್ಮೆ ಆಯಿತು, ಅದನ್ನೇಕೆ ಮುಚ್ಚಿಡಲಿ. ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಮೇಲವಂಕಿಗೆ ಹೋದೆ. ನನ್ನ ಬೀಗತಿ ಗಂಗವ್ವನೂ ನನ್ನ ಜೊತೆಗೇ ಆಪರೇಶನ್ ಮಾಡಿಸಿಕೊಂಡು, ಚಲೋ ಐತಿ ಎಂದು ಬರೆಸಿ, ಮನೆಯಲ್ಲಿ ಗೋಡೆ ಹಿಡಿದು ತಿರುಗುತ್ತಿದ್ದಳು. "ಚಾ ಆಮ್ಯಾಲ ಕುಡಿಯೂಣು, ಏಳು" ಎಂದು ಕೈ ಹಿಡಿದು ಗೋಕಾಕದ ಬಸ್ಸು ಹತ್ತಿಸಿದೆ.