ದೀಪ ಕೊಡುವವನು

ತೊಂಬತ್ತರ ದಶಕದಲ್ಲಿ ಅಪ್ಪ ಕಡಲಾಚೆಯ ಬ್ಲ್ಯಾಕ್‌ಟೌನಿನ ನಮ್ಮ ಮನೆಗೆ ಬಂದಿದ್ದಾಗ, ಒಂದು ಭಾನುವಾರ ಕನ್ನಡದ ಗೆಳೆಯರನ್ನು ಊಟಕ್ಕೆ ಕರೆದಿದ್ದೆ. ಬಂದವರೆಲ್ಲ ಡಾಕ್ಟರು, ಪ್ರೊಫೆಸರು. ಅಪ್ಪ ಕೋಲಾರದ ಚಿನ್ನದ ಗಣಿಯೊಳಗೆ ಮೂವತ್ತು ವರ್ಷ ಕಲ್ಲು ಒಡೆದವರು. ನಾನು ಮಾತ್ರ ಈ ಗೆಳೆಯರ ಮುಂದೆ ಅಪ್ಪ ಮೈನಿಂಗ್ ಆಫೀಸರ್ ಆಗಿದ್ದರು ಎಂದು ಬೊಗಳೆ ಬಿಟ್ಟಿದ್ದೆ.

ಊಟವಾದ ಮೇಲೆ, ಲೈಬ್ರರಿಯಿಂದ ತಂದಿದ್ದ ಪತ್ತೇದಾರಿ ಕಾದಂಬರಿಯ ಕಥೆ ಹೇಳತೊಡಗಿದೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲೊಂದು ಕಲ್ಲಿದ್ದಲು ಗಣಿಯ ಊರು. ಗಣಿಗಿಳಿದವನೊಬ್ಬ ಕೊಲೆಯಾಗಿದ್ದಾನೆ; ಊರಾಚೆ ಬಿದ್ದ ಹೆಣದ ಪಕ್ಕದಲ್ಲೇ ಅವನ ಗಣಿ ದೀಪವೂ ಇದೆ. ಅವನು ಆ ದಿನ ಮೇಲೆ ಬಂದು ಮನೆಗೆ ಹೋದನೆಂದು, ಕೆಳಗಿಳಿಯುವವರಿಗೆ ಗಣಿಯ ಬಾಗಿಲಲ್ಲಿ ದೀಪ ಕೊಡುವವನು ಹೇಳುತ್ತಾನೆ. ಕೊಂದವರು ಯಾರು, ಹೇಳಿ ನೋಡೋಣ ಎಂದೆ.

"ದೀಪ ಕೊಡೋನೇ," ಎಂದರು ಅಪ್ಪ. "ಮೇಲೆ ಬಂದೋನು ದೀಪ ವಾಪಸ್ ಕೊಡ್ದೆ ಮನೆಗೆ ಹೋಗಂಗಿಲ್ಲ. ಇವನ ದೀಪ ಹೆಣದ ಹತ್ರ ಹೆಂಗ್ ಬಂತು? ದೀಪ ಕೊಡೋನು ಸುಳ್ಳು ಹೇಳ್ತವ್ನೆ."

ಕೊನೆಯ ಪುಟದಲ್ಲಿದ್ದದ್ದೂ ಅದೇ.

"ಅಂಕಲ್, ಹೇಗೆ ಗೊತ್ತಾಯ್ತು ನಿಮ್ಗೆ?" ಎಂದು ಗೆಳೆಯನ ಹೆಂಡತಿ ಕೇಳಿದಳು.

ಅಪ್ಪ ಬಾಯಿ ತೆರೆಯುವ ಮೊದಲೇ ನಾನು, "ಅಪ್ಪ ಇಂಥ ಬುಕ್ಸ್ ತುಂಬಾ ಓದ್ತಾರೆ," ಎಂದೆ.

ಅಪ್ಪ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಅವಳ ಕಡೆ ತಿರುಗಿ, "ಹೂನಮ್ಮ, ಓದೋ ಹುಚ್ಚು," ಎಂದರು.

ಅವರಿಗೆ ಓದಲು ಬರುತ್ತಿದ್ದದ್ದು ತಮ್ಮ ಹೆಸರೊಂದೇ.