ಉಡಿ ತುಂಬಿದ ಕೆಂಪು ಕಣ

ತಂಗಿ ಸರೋಜಾ, ನಿನ್ನ ಮಂಡಿನೋವು ಹೇಗಿದೆ? ಮೊಮ್ಮಗಳು ಚಿನ್ನುವಿನ ಜ್ವರ ಬಿಟ್ಟಿತೇ? ಅವಳು ದುಪಟ್ಟಾ ಕಟ್ಟಿಕೊಂಡು ಸೂಪರ್‌ಹೀರೋ ಆದ ಫೋಟೋ ನೋಡಿ ಹೊನ್ನಾಳಿಯ ಮನೆ ನೆನಪಾಯಿತು.

ನೀನಾಗ ತೊಟ್ಟಿಲಲ್ಲಿದ್ದೆ. ನಾನು ಅವ್ವನ ಟ್ರಂಕಿನಿಂದ ಕೆಂಪು ಕುಪ್ಪಸದ ಕಣ ತೆಗೆದು, ಒಂದು ಪಟ್ಟಿ ಕತ್ತರಿಸಿ, ಕಣ್ಣಿಗೆ ತೂತು ಮಾಡಿ ಮುಖಕ್ಕೆ ಕಟ್ಟಿಕೊಂಡೆ. ಉಳಿದದ್ದನ್ನು ಬೆನ್ನಿಗೆ ಕಟ್ಟಿ ಜಗಲಿಯಿಂದ ಹಾರಿದೆ. ಅವ್ವನ ತವರು ಸೊಕ್ಕೆಯ ಅಜ್ಜಿ ಸಾಯುವ ಮುಂಚೆ ಕೊನೆಯ ಸಲ ಅವ್ವನ ಉಡಿ ತುಂಬಿದ ಕಣ ಅದೆಂದು ನನಗೆ ಗೊತ್ತಿರಲಿಲ್ಲ.

ಅವ್ವ ಬೈಯಲಿಲ್ಲ. ತುಂಡುಗಳನ್ನು ಮಡಿಲಲ್ಲಿಟ್ಟು ಜೋಡಿಸಿ ನೋಡಿದಳು. ಕುಪ್ಪಸಕ್ಕೆ ಸಾಲದು. ಸೂಜಿ ತಂದು ನನ್ನ ಬೆನ್ನಿನ ತುಂಡಿಗೆ ಲಾಡಿ ಹೊಲಿಯತೊಡಗಿದಳು.

“ಹಿಂಗ್ ಕಟ್ಟಿದ್ರೆ ಕೊಳ್ಳು ಬಿಗೀತೈತೆ, ಹುಚ್ಚಿ. ಎಲ್ಲಿಗೆ ಹಾರಾಕೆ ಹೊಂಟೀಯೇ?”

“ಸೊಕ್ಕೆಗೆ, ಅಜ್ಜಿ ಮನೆಗೆ.”

“ಅಲ್ಲಿ ನನ್ನ ಉಡಿ ತುಂಬೋರು ಇನ್ಯಾರದಾರವ್ವ?” ಎಂದವಳು ಬಿಕ್ಕಿ ಬಿಕ್ಕಿ ಅತ್ತಳು.

ತಪ್ಪಾಯ್ತವ್ವ ಎಂದು ಅವಳಿರುವಾಗ ನಾನು ಹೇಳಲೇ ಇಲ್ಲ. ಈಗ ಹೇಳಿಕೊಳ್ಳಲು ನೀನೊಬ್ಬಳೇ. ಬೇಗ ಉತ್ತರ ಬರೆಯೇ.