ನೇರಳೆ ನಾಲಿಗೆ

ಕೊಡಗು ಮೈಸೂರಿಗೆ ಸೇರಿದ ಹೊಸತು. ಸುಂಟಿಕೊಪ್ಪದಲ್ಲಿ ನಮ್ಮ ಪಕ್ಕದ ಮನೆಯಮ್ಮ ತಮ್ಮ ಮಕ್ಕಳ ಜೊತೆ ನನಗೂ ಶಾಲೆಗೆ ಬುತ್ತಿ ಕಟ್ಟುತ್ತಿದ್ದರು. ನಾವು ಮೂಗು ಮುರಿದರೆ, ಬಾಳೆಲೆ ಮಡಚುತ್ತಲೇ, "ಮೊದ್ಲು ತಿನ್ನಿ, ಮತ್ತೆ ಮಾತಾಡಿ" ಎನ್ನುವರು.

ಮಳೆಗಾಲದ ಆಟಿ ತಿಂಗಳ ಹದಿನೆಂಟರಂದು, ಕೊಡಗಿನ ಪದ್ಧತಿಯಂತೆ, ಮದ್ದುಸೊಪ್ಪಿನ ರಸದಲ್ಲಿ ಬೇಯಿಸಿದ ನೇರಳೆ ಬಣ್ಣದ ಸಿಹಿ ಅನ್ನ ಕಟ್ಟಿದರು. ಆ ಸೊಪ್ಪನ್ನೇ ಕಾಣದ ಕಾಫಿ ಎಸ್ಟೇಟಿನ ಕೂಲಿ ಲೈನಿನ ಮಕ್ಕಳು "ಇಂಕ್ ಅನ್ನ!" ಎಂದು ನಕ್ಕರು. ನಾವು ಅಳುತ್ತಾ ಬುತ್ತಿಯನ್ನು ಹಾಗೇ ವಾಪಸು ತಂದೆವು.

ಮರುದಿನ ಮಧ್ಯಾಹ್ನ ಆಕೆ ದೊಡ್ಡ ಪಾತ್ರೆ ಹೊತ್ತು ಶಾಲೆಗೇ ಬಂದರು. ಎಲ್ಲರೆದುರು ಒಂದು ತುತ್ತು ತಿಂದು, ನೇರಳೆ ನಾಲಿಗೆ ಚಾಚಿದರು. ನಕ್ಕವರೇ ಪಾತ್ರೆಗೆ ಮುಗಿಬಿದ್ದರು.

"ಏನಮ್ಮಾ ಇದು ಗಲಾಟೆ?" ಎಂದರು ಮೈಸೂರಿನಿಂದ ಬಂದ ಹೊಸ ಮೇಷ್ಟ್ರು.

"ಮೊದ್ಲು ತಿನ್ನಿ ಮೇಷ್ಟ್ರೇ, ಮತ್ತೆ ಮಾತಾಡಿ."

ಬೆಲ್ ಹೊಡೆದ ಮೇಲೆ ಮೇಷ್ಟ್ರು ಹಾಜರಿ ಕೂಗಿದರು. ಅವರ ನಾಲಿಗೆಯಷ್ಟು ನೇರಳೆ ಇಡೀ ಕ್ಲಾಸಿನಲ್ಲಿ ಯಾರದ್ದೂ ಇರಲಿಲ್ಲ.